ಎದುರು ಕೂ

ನನ್ನ ಗಂಡ ಮನೆಗೆ ಬಂದು ಹೋಗುತ್ತಾನೋ ಇಲ್ಲವೋ ಎಂದು ತಿಳಿಯಲು ಸರ್ಕಾರ ನನ್ನ ಗಂಜಿ ಮಡಕೆಯ ಮುಚ್ಚಳ ತೆಗೆದು ನೋಡಿತು. ಕೈಯಿಂದ ತೆಗೆಯಲಿಲ್ಲ. ಲಾಠಿಯ ತುದಿಯಿಂದ ಎತ್ತಿದರು. ಅದೇ ಲಾಠಿಯಿಂದ ಗಂಜಿ ಕಲಕಿದರು. ಇಬ್ಬರು ಹೆಂಗಸರಿಗೆ ಇಷ್ಟು ಗಂಜಿ ಯಾಕೆ ಎಂದು ಕೇಳಿದರು. ಹಸಿವಿಗೆ ಎಂದೆ. ಮಡಕೆಯನ್ನು ಬೂಟುಗಾಲಿನಿಂದ ಉರುಳಿಸಿ ಹೋದರು. ನನ್ನ ಅತ್ತೆ ಬೊಮ್ಮಿ ನೆಲದ ಮೇಲಿನ ಗಂಜಿಯನ್ನು ಅಂಗೈಯಲ್ಲಿ ಬಳಿದು ಬಟ್ಟಲಿಗೆ ತುಂಬಿದಳು. ಮಣ್ಣು ಸೇರಿತ್ತು. ತಿಂದೆವು.

ನಾನು ಮಾತಿ. ಮುತ್ತಂಗದ ಚೆಕ್‌ಪೋಸ್ಟಿನಿಂದ ರಸ್ತೆ ಬಿಟ್ಟು ಕಾಡಿನೊಳಕ್ಕೆ ಇಳಿದರೆ ನಮ್ಮ ಹಾಡಿ. ನಮ್ಮ ಮನೆಮಾತು ಕನ್ನಡ, ಅದರೊಳಗೆ ಮಲಯಾಳ ಬೆರೆತಿದೆ. ಗುಂಡ್ಲುಪೇಟೆ ಕಡೆಯವರು ಕೇಳಿ ಇದೆಂಥ ಕನ್ನಡ ಎಂದು ನಗುತ್ತಾರೆ. ಬತ್ತೇರಿಯವರು ಇದೆಂಥ ಮಲಯಾಳ ಎಂದು ನಗುತ್ತಾರೆ. ಇಬ್ಬರಿಗೂ ನಾವು ಹೊರಗಿನವರು. ಅವರಿಬ್ಬರೂ ಹುಟ್ಟುವ ಮೊದಲಿನಿಂದ ನಾವು ಇಲ್ಲಿದ್ದೇವೆ.

ಆಗ ವಯನಾಡು ಹೊಸ ಜಿಲ್ಲೆ. ಇನ್ನು ಮೇಲೆ ಬಡವರು ಘಾಟಿ ಇಳಿದು ಹೋಗಿ ಕಚೇರಿ ಬಾಗಿಲಲ್ಲಿ ಕಾಯಬೇಕಿಲ್ಲ, ಸರ್ಕಾರವೇ ನಿಮ್ಮ ಬಾಗಿಲಿಗೆ ಬರುತ್ತದೆ ಎಂದು ಯಾರೋ ಪೊನ್ಕುಳಿ ದೇವಸ್ಥಾನದ ಎದುರು ಭಾಷಣ ಮಾಡಿದ್ದರಂತೆ. ನಮ್ಮವರು ಯಾರೂ ಯಾವತ್ತೂ ಘಾಟಿ ಇಳಿದವರಲ್ಲ. ಆದರೂ ಆ ಮಾತು ಸುಳ್ಳಾಗಲಿಲ್ಲ. ಸರ್ಕಾರ ನಮ್ಮ ಬಾಗಿಲಿಗೆ ಬಂತು, ಜೀಪಿನಲ್ಲಿ ಬಂತು.

ಜೀಪಿಗಿಂತ ಮೊದಲು ನೀಲಗಿರಿ ಸಸಿ ಬಂತು. ಬಿದಿರು ಕಡಿದು ಬೋಳು ಮಾಡಿದ ಗುಡ್ಡದಲ್ಲಿ ನೀಲಗಿರಿ ನೆಡಬೇಕಾಗಿತ್ತು. ಗುಂಡಿ ತೋಡುವ ಕೂಲಿಗೆ ನಮ್ಮನ್ನೇ ಕರೆದರು. ಬಿದಿರಿನ ಬೇರು ಸುಮ್ಮನೆ ಬಿಡುವುದಿಲ್ಲ. ಹಾರೆ ಹಾಕಿದರೆ ಹಾರೆ ಹಿಂದಕ್ಕೆ ಚಿಮ್ಮುತ್ತದೆ. ಅಂಗೈಯಲ್ಲಿ ಬೊಕ್ಕೆ ಎದ್ದು, ಒಡೆದು, ಅದರ ಮೇಲೆ ಮತ್ತೆ ಬೊಕ್ಕೆ ಏಳುತ್ತಿತ್ತು. ಜಿಗಣೆ ಕಚ್ಚಿದರೆ ಕಿತ್ತು ಹಾಕಲು ಬಗ್ಗುವಂತಿಲ್ಲ, ಫಾರೆಸ್ಟ್ ಗಾರ್ಡು ಬಯ್ಯುತ್ತಿದ್ದ. ನಮ್ಮ ಕಾಡನ್ನು ನಮ್ಮ ಕೈಯಿಂದಲೇ ಅಗೆಸಿದರು. ಹೊಟ್ಟೆ ಕೇಳಬೇಕಲ್ಲ, ಅಗೆದೆವು.

ಗುಂಡಿ ತೋಡುತ್ತಾ ತೋಡುತ್ತಾ ನಮ್ಮ ಸತ್ತವರ ಇಳಿಜಾರಿಗೆ ಬಂದೆವು. ಹಾಡಿಯ ಹಿರಿಯ ಚಾತನ್ ಗಾರ್ಡಿನ ಮುಂದೆ ಕೈಕಟ್ಟಿ ನಿಂತ.

"ಸಾರೇ, ಇದು ನಮ್ಮ ಸತ್ತೋರ ಜಾಗ. ಇಲ್ಲಿ ತೋಡ್ಬಾರ್ದು."

"ಸತ್ತವರ ಹತ್ತಿರ ಪಟ್ಟಾ ಉಂಟಾ?" ಎಂದು ಗಾರ್ಡು ಕೇಳಿದ.

ನನ್ನ ಗಂಡ ಬೈರನ ಗುದ್ದಲಿಗೆ ಮೂಳೆ ಸಿಕ್ಕಿತು. ಮೂಳೆಯ ಜೊತೆ ಒಂದು ತಾಮ್ರದ ಕಡಗ ಬಂತು. ಅದು ನನ್ನ ಮಾವನ ಕಡಗ. ಬೈರ ಅದನ್ನು ಒರೆಸಿ, ಮತ್ತೆ ಅಲ್ಲೇ ಇಟ್ಟು, ಮಣ್ಣು ಎಳೆದ. ಆಮೇಲೆ ಒಂದು ಮಾತೂ ಆಡದೆ, ನೆಟ್ಟಿದ್ದ ಸಸಿಗಳನ್ನು ಒಂದೊಂದಾಗಿ ಕೀಳುತ್ತಾ ಬಂದ. ಮಟಮಟ ಮಧ್ಯಾಹ್ನ, ಎಲ್ಲರ ಕಣ್ಣೆದುರು. ಗಾರ್ಡು ಓಡಿ ಬಂದು ಕತ್ತಿಯ ಹಿಂಬದಿಯಿಂದ ಅವನ ಬೆನ್ನಿಗೆ ಹೊಡೆದ. ಬೈರ ತಿರುಗಿ ಎದೆಗೆ ಕೈಯಿಟ್ಟು ತಳ್ಳಿದ. ಗಾರ್ಡು ಬೈರನೇ ತೋಡಿದ್ದ ಗುಂಡಿಯೊಳಗೆ ಬಿದ್ದು ಕಾಲು ಮುರಿದುಕೊಂಡ.

ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ನಮ್ಮದು ಬರೀ ದವಡೆಗೆ ನಿಲ್ಲಲಿಲ್ಲ. ಬೆಳಿಗ್ಗೆ ಗುದ್ದಲಿ ಹಿಡಿದು ಹೋದವನು ಸಂಜೆಯ ಹೊತ್ತಿಗೆ ನಕ್ಸಲನಾಗಿದ್ದ. ಕಾಡಿನಲ್ಲಿ ಅವನ ಹಿಂದೆ ದೊಡ್ಡ ಗುಂಪಿದೆ, ಬಂದೂಕಿದೆ ಎಂದು ಸುದ್ದಿ ಹಬ್ಬಿತು. ಅವನ ಹಿಂದೆ ಇದ್ದದ್ದು ನಾನು ಮತ್ತು ಅವನ ತಾಯಿ. ಬೈರ ಕಾಡು ಹೊಕ್ಕ. ಪೊಲೀಸರು ನಮ್ಮ ಹಾಡಿಯ ಶಾಲೆ ಹೊಕ್ಕರು. ಒಂದೇ ಕೋಣೆಯ ಶಾಲೆ, ಮೇಷ್ಟರು ಬರುತ್ತಿದ್ದದ್ದೇ ಅಪರೂಪ. ಪೊಲೀಸರು ಮಾತ್ರ ದಿನಾ ಹಾಜರು.

ಅವರ ಸಬ್ ಇನ್‌ಸ್ಪೆಕ್ಟರ್ ವಿಜಯನ್. ಎಳೆ ವಯಸ್ಸು, ಇಸ್ತ್ರಿ ಹಾಕಿದ ಬಟ್ಟೆ, ಕಾಡು ಕಂಡರೆ ಮುಖ ಸಿಂಡರಿಸುವವನು. ಅವನ ಬಳಿ ಒಂದು ವಯರ್‌ಲೆಸ್ ಪೆಟ್ಟಿಗೆ ಇತ್ತು. ಅದರ ನೆತ್ತಿಗೊಂದು ಕಡ್ಡಿ. ಬೆಳಿಗ್ಗೆ ಸಂಜೆ ಅದಕ್ಕೆ ಬಾಯಿಟ್ಟು ಓವರ್ ಓವರ್ ಎಂದು ಅರಚುತ್ತಿದ್ದ. ಮಳೆ ಹನಿದರೆ ಪೆಟ್ಟಿಗೆಗೆ ಕಿವುಡು. ಆಗ ಅವನ ಮುಖ ನೋಡಲು ನಮಗೆ ಖುಷಿ. ನಮ್ಮ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ನಗುವ ಕಾಲ ಬಹಳ ಇರಲಿಲ್ಲ. ಸಂಜೆಯಾದರೆ ಹಾಡಿಯವರೆಲ್ಲ ಶಾಲೆಯ ಅಂಗಳದಲ್ಲಿ ಸಾಲಾಗಿ ಕೂರಬೇಕು. ಯಾರು ಸೌದೆಗೆ ಹೋದರು, ಯಾರು ಗೆಣಸಿಗೆ ಹೋದರು, ಯಾಕೆ ತಡವಾಯಿತು, ಎಲ್ಲ ಹೇಳಬೇಕು. ಅಂಗಡಿಯಿಂದ ಉಪ್ಪು ತಂದರೆ ಬಿಚ್ಚಿ ತೋರಿಸಬೇಕು. ಹೊರಕಡೆಗೆ ಕೂರಲು ಹೋದರೂ ಒಬ್ಬ ಹಿಂದೆ ಬರುತ್ತಿದ್ದ. ಮುಖ ಆ ಕಡೆ ತಿರುಗಿಸಿ ಸಾರೇ ಎಂದರೆ, ಕಣ್ಣು ಬಿಡಬಾರದು ಎಂದು ಆರ್ಡರ್ ಉಂಟು ಅನ್ನುತ್ತಿದ್ದ. ನಾಯಿಗೂ ಅಷ್ಟು ನಾಚಿಕೆ ಇರುತ್ತದೆ.

ಇಷ್ಟೆಲ್ಲ ಕಣ್ಣಿಟ್ಟು ಕಾದರೂ, ನಾನು ದಿನಾ ಸಂಜೆ ನನ್ನ ಗಂಡನ ಜೊತೆ ಮಾತಾಡುತ್ತಿದ್ದೆ. ಅವರ ಕಿವಿಯ ಮುಂದೆಯೇ ಮಾತಾಡುತ್ತಿದ್ದೆ.

ಬಿದಿರುಮೆಳೆಯ ಕಾಡಿನಲ್ಲಿ ಆನೆ ಎದುರು ನಿಂತಿದ್ದರೂ ಕಾಣುವುದಿಲ್ಲ, ಜೊತೆಗಾರ ಪಕ್ಕದಲ್ಲಿದ್ದರೂ ಕಾಣುವುದಿಲ್ಲ. ಅದಕ್ಕೆ ನಮ್ಮವರು ಕೂ ಹಾಕುತ್ತಾರೆ. ಹಾಡಿಯಲ್ಲಿ ಪ್ರತಿಯೊಬ್ಬರಿಗೂ ಅವರದೇ ಒಂದು ಕೂ ಇದೆ. ಹೆಸರಿಟ್ಟ ಹಾಗೆ ತಾಯಿ ಮಗುವಿಗೆ ಕೂ ಇಡುತ್ತಾಳೆ. ಬೈರನದು ತಗ್ಗಿನಿಂದ ಶುರುವಾಗಿ ಒಮ್ಮೆಲೇ ಮೇಲೇರಿ ಅಲ್ಲೇ ತುಂಡಾಗುತ್ತದೆ. ನನ್ನದು ಉದ್ದ, ನಡುವೆ ಒಂದು ಸೀಳು. ಕೂವಿನಲ್ಲಿ ಬೇರೆ ಮಾತಿಲ್ಲ. ಬಾ ಎನ್ನಲಾಗದು, ಅಕ್ಕಿ ತಾ ಎನ್ನಲಾಗದು. ನಾನು ಇಂಥವನು, ಇಲ್ಲಿದ್ದೇನೆ, ನೀನಿದ್ದೀಯಾ ಎಂದು ಕೇಳುವುದು, ಅಷ್ಟೇ. ಕೇಳಿಸಿಕೊಂಡವರು ಎದುರು ಕೂ ಕೊಡಲೇಬೇಕು. ಇದ್ದೇನೆ ಎಂದು ಅದರ ಅರ್ಥ.

ಸಂಜೆ ತೋಡಿಗೆ, ಹಾಡಿಯ ಪಕ್ಕದ ಹಳ್ಳಕ್ಕೆ, ನೀರಿಗೆ ಹೋದಾಗ ಬೈರನ ಕೂ ಬರುತ್ತಿತ್ತು. ಒಂದು ದಿನ ಬಂಡೆಯ ಕಡೆಯಿಂದ, ಒಂದು ದಿನ ಗದ್ದೆಯಾಚೆಯಿಂದ. ನಾನು ಬಿಂದಿಗೆ ಕೆಳಗಿಟ್ಟು ಎದುರು ಕೂ ಕೊಡುತ್ತಿದ್ದೆ. ಅವನು ತಿಂದನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಜ್ವರವೋ, ಚಳಿಯೋ ಗೊತ್ತಾಗುತ್ತಿರಲಿಲ್ಲ. ಇದ್ದಾನೆ ಎಂದು ಗೊತ್ತಾಗುತ್ತಿತ್ತು. ಅದೊಂದು ಸಾಕಾಗಿತ್ತು ನನಗೆ. ಆ ಒಂದು ಕೂವಿಗಾಗಿ ಬೆಳಗಿನಿಂದ ಬಯ್ಗುಳ ತಿನ್ನುತ್ತಿದ್ದೆ.

ಪೊಲೀಸರು ಅದನ್ನು ಆನೆ ಓಡಿಸುವ ಕೂಗು ಎಂದುಕೊಂಡಿದ್ದರು. ಕ್ಯಾಂಪಿನ ಹಿಂದೆ ಆನೆ ಬಂದರೆ ಅವರೇ, "ಎಡೀ, ಕೂಗಡೀ ಕೂಗು" ಎಂದು ನಮ್ಮನ್ನು ಎಬ್ಬಿಸುತ್ತಿದ್ದರು.

ಅದು ಏನೆಂದು ಪೊಲೀಸರಿಗೆ ಹೇಳಿಕೊಟ್ಟವನು ಪದ್ಮನಾಭನ್. ಕಾಡಂಚಿನಲ್ಲಿ ಅವನ ಗದ್ದೆ. ಎಂದೋ ಕರ್ನಾಟಕದ ಕಡೆಯಿಂದ ಬಂದು ನೆಲೆಸಿದ ಬೇಸಾಯದ ಮನೆತನ. ಅವನ ಗದ್ದೆಯಲ್ಲಿ ನಾಟಿ ನೆಟ್ಟವರು ನಾವು, ಕಳೆ ಕಿತ್ತವರು ನಾವು, ಅವನ ತಾಯಿ ಸತ್ತಾಗ ಸೌದೆ ಹೊತ್ತವರು ನಾವು. ಚಿಕ್ಕಂದಿನಲ್ಲಿ ಅವನೂ ಬೈರನೂ ಒಟ್ಟಿಗೆ ದನ ಮೇಯಿಸಿದ್ದರು. ಬೈರನ ಕೂ ಅವನಿಗೆ ಬಾಯಿಪಾಠ. ವಿಜಯನ್ ಅವನ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ನಮ್ಮ ಕೂ ಕೇಳಿಸಿತಂತೆ. "ನಾ ಇವರ ಜೊತೇಲೇ ಬೆಳೆದೋನು ಸಾರೇ, ಇವರದ್ದೆಲ್ಲ ನನಗ ಗೊತ್ತು" ಎಂದು ಪದ್ಮನಾಭನ್ ಬಾಯಿ ಬಿಟ್ಟ. ಯಾರೂ ಅವನನ್ನು ಹೊಡೆದು ಕೇಳಿರಲಿಲ್ಲ. ಸಾಹೇಬರ ಸರಿಸಮ ಕುರ್ಚಿಯಲ್ಲಿ ಕೂತ ಹುರುಪು ಅವನಿಗೆ.

ಮಾರನೆಯ ಬೆಳಿಗ್ಗೆ ಕೂ ನಿಷೇಧವಾಯಿತು. ಕಾಡಿನಲ್ಲಾಗಲಿ ಹಾಡಿಯಲ್ಲಾಗಲಿ ಯಾರೂ ಕೂಗಕೂಡದು. ಕೂಗಿದವರು ಉಗ್ರಗಾಮಿಗಳಿಗೆ ಸುದ್ದಿ ಮುಟ್ಟಿಸಿದ ಹಾಗೆ. ವಿಜಯನ್ ಇದನ್ನು ಅಂಗಳದಲ್ಲಿ ಓದಿ ಹೇಳಿ, ಪೆಟ್ಟಿಗೆಯಲ್ಲೂ ಅರಚಿದ.

"ಆನ ಬಂದ್ರ?" ಎಂದು ಚಾತನ್ ಕೇಳಿದ.

"ಸುಮ್ಮನೆ ಬರಬೇಕು, ಸುಮ್ಮನೆ ಹೋಗಬೇಕು" ಎಂದ ವಿಜಯನ್. ಆನೆಗೆ ಹೇಳಿದನೋ ನಮಗೆ ಹೇಳಿದನೋ ತಿಳಿಯಲಿಲ್ಲ.

ಆ ವಾರವೇ ಚಾತನ್‌ನ ಮಗಳು ಶಾಂತ ಗೆಣಸು ಅಗೆಯಲು ಹೋದವಳು ಕೂ ಹಾಕದೆ ಮೆಳೆ ತಿರುಗಿದಳು. ಮೆಳೆಯಾಚೆ ಮರಿಯಾನೆಯ ಜೊತೆ ತಾಯಾನೆ ಇತ್ತು. ಸೊಂಡಿಲಿನಲ್ಲಿ ಎತ್ತಿ ಎಸೆಯಿತು. ಸೊಂಟ ಮುರಿದ ಮಗಳನ್ನು ಚಾತನ್ ಬೆನ್ನ ಮೇಲೆ ಹೊತ್ತು ತಂದ. ಜೀಪು ಕೊಡಿ ಎಂದು ಬೇಡಿದ. ಜೀಪು ಸರ್ಕಾರಿ ಕೆಲಸಕ್ಕೆ ಎಂದರು. ಶಾಂತ ಇಂದಿಗೂ ಕೂತಲ್ಲೇ ತೆವಳುತ್ತಾಳೆ.

ಆದರೂ ನಾನು ಎದುರು ಕೂ ಕೊಟ್ಟೆ. ತೋಡಿನಲ್ಲಿ ಪಕ್ಕದಲ್ಲೇ ಕಾನ್‌ಸ್ಟೆಬಲ್ ನಿಂತಿದ್ದ. ಬೈರನ ಕೂ ಬಂತು. ನನ್ನ ಬಾಯಿ ತಾನಾಗಿ ತೆರೆಯಿತು. ಮುಗಿಸುವ ಮೊದಲೇ ತುಟಿಯ ಮೇಲೆ ಏಟು ಬಿತ್ತು. ಎಳೆದುಕೊಂಡು ಹೋಗಿ ಶಾಲೆಯ ಕೋಣೆಗೆ ತಳ್ಳಿದರು.

ವಿಜಯನ್ ಕೇಳಿದ, "ಅವನು ಏನು ಹೇಳಿದ?"

"ಇದ್ದೀನಿ ಅಂದ."

"ನೀನು ಏನು ಹೇಳಿದೆ?"

"ಇದ್ದೀನಿ ಅಂದೆ."

"ಮತ್ತೆ?"

"ಅಷ್ಟೆಯಾ."

ನಂಬಲಿಲ್ಲ. ಅಷ್ಟಕ್ಕೇ ಯಾರಾದರೂ ಪೆಟ್ಟು ತಿನ್ನುತ್ತಾರಾ ಎಂದ. ಅವರ ಪೆಟ್ಟಿಗೆಯಲ್ಲಿ ದಿನವಿಡೀ ಆಡುವ ಮಾತಿನಲ್ಲಿ ಹುರುಳಿರಲಿಲ್ಲ, ನಮ್ಮ ಒಂದು ಉಸಿರಿನಲ್ಲಿ ಮಾತ್ರ ಸಂಚು ಕಂಡಿತು. ಬಾ ಎಂದು ಕೂ ಹಾಕು ಎಂದ. ಅಂಥ ಕೂ ಇಲ್ಲ ಎಂದೆ. ಅಂಗಾಲಿಗೆ ಹೊಡೆದರು. ಇದ್ದರೂ ಹಾಕುತ್ತಿರಲಿಲ್ಲ ಎಂದೆ. ಮತ್ತೆ ಹೊಡೆದರು. ಊದಿದ ಕಾಲಿನಲ್ಲೇ ಕ್ಯಾಂಪಿನ ಪಾತ್ರೆ ಬೆಳಗಿಸಿದರು, ಕಕ್ಕಸಿನ ಗುಂಡಿ ತೋಡಿಸಿದರು. ಮೊಣಕಾಲೂರಿ ತೋಡಿದೆ. ಮೇಲೆ ನಿಂತು ಬೀಡಿ ಸೇದುತ್ತಿದ್ದರು, ಬೂದಿ ನನ್ನ ತಲೆಯ ಮೇಲೆ ಉದುರುತ್ತಿತ್ತು.

ಆಗ ಪದ್ಮನಾಭನ್ ಬಂದ. ನನ್ನನ್ನು ನೋಡಿ ಕಣ್ಣು ಒರೆಸಿಕೊಂಡ. "ಅವಳ್ನ ಯಾಕ ಸಾರೇ ಹೊಡೀತೀರಿ? ಅವಳು ಕೂಗೋದೇ ಬ್ಯಾಡ. ಸುಮ್ನ ಇರಿಸಿ. ಅವನೇ ಬತ್ತಾನ" ಎಂದ.

ಅವನು ಹೇಳಿದ್ದು ನಿಜ. ನಮ್ಮಲ್ಲಿ ಮೂರು ಸಂಜೆ ಕೂವಿಗೆ ಎದುರು ಕೂ ಬರದಿದ್ದರೆ ಆ ಮನುಷ್ಯ ಸತ್ತ ಹಾಗೆ. ಕೂ ಹಾಕಿದವನು ಎಲ್ಲಿದ್ದರೂ ಬರಬೇಕು. ಹೆಣ ಹುಡುಕಬೇಕು, ಮಣ್ಣು ಹಾಕಬೇಕು. ಬೈರನಿಗೆ ಇದು ಬಲೆಯಿರಬಹುದು ಎಂದು ಹೊಳೆಯದೆ ಇರುವುದಿಲ್ಲ. ಹೊಳೆದರೂ ಬರುತ್ತಾನೆ. ತಂದೆಯ ಮೂಳೆಗೆ ಮಣ್ಣು ಎಳೆದವನು ಹೆಂಡತಿಯ ಹೆಣಕ್ಕೆ ಬರದೆ ಇರುತ್ತಾನೆಯೆ? ಪದ್ಮನಾಭನ್‌ಗೆ ಅದೂ ಗೊತ್ತಿತ್ತು.

"ಮಾತೀ, ಬೈರ ನನಗ ತಮ್ಮ ಇದ್ದಂಗ. ಅವನ ಒಳ್ಳೇದ್ಕೇ ಹೇಳ್ತಿರಾದು. ಸಿಕ್ಕುಬುಟ್ರ ಕೇಸು ಸಣ್ಣದಾಯ್ತದ" ಎಂದು ನನಗೆ ಸಮಾಧಾನ ಹೇಳಿದ.

ಶಾಲೆಯ ಮೂಲೆಯಲ್ಲಿ ಪೊಲೀಸರು ಹೊಸ ತಾರ್ಪಾಲು ಮಡಚಿ ಇಟ್ಟಿದ್ದರು. ಅದರ ಮೇಲೆ ಹಗ್ಗ, ಹೊರುವ ಬೊಂಬು. ಕೋಣೆ ಗುಡಿಸುವಾಗ ನೋಡಿದ್ದೆ. ಬೇಡಿ ಮಾತ್ರ ಎಲ್ಲೂ ಇರಲಿಲ್ಲ.

"ತಮ್ಮನ್ನ ಹಿಡಿಯಕ ತಾರ್ಪಾಲು ಯಾಕ ಯಜಮಾನ್ರೇ?" ಎಂದು ಕೇಳಿದೆ.

ಅವನು ಆ ಕಡೆ ತಿರುಗಿದ. ಉಪ್ಪು ತಿಂದ ಮನೆಗೆ ಎರಡು ಬಗೆಯುವವರನ್ನು ಕಂಡಿದ್ದೆ. ಬೆವರು ತಿಂದ ಮನೆಗೆ ಎರಡು ಬಗೆಯುವವನನ್ನು ಅವತ್ತು ಕಂಡೆ.

ಮೊದಲ ಸಂಜೆ ನಮ್ಮನ್ನೆಲ್ಲ ಅಂಗಳದಲ್ಲಿ ಕೂರಿಸಿದರು. ಬಂದೂಕು ಹಿಡಿದವರು ಮೆಳೆಗಳಲ್ಲಿ ಅಡಗಿದರು. ನನ್ನ ಬಾಯಿಗೆ ಟವೆಲ್ಲು ತುರುಕಿ ಕಟ್ಟಿದರು, ಕೈಗಳನ್ನು ಹಿಂದಕ್ಕೆ ಬಿಗಿದರು. ಬೆವರಿನ ನಾತದ ಟವೆಲ್ಲು. ಗುಡ್ಡದ ನೆತ್ತಿಯಿಂದ ಬೈರನ ಕೂ ಬಂತು. ದೂರದಲ್ಲಿದ್ದ. ಎದುರು ಕೂ ಇಲ್ಲ. ಮತ್ತೆ ಹಾಕಿದ. ಹಾಡಿಯವರೆಲ್ಲ ತಲೆ ಬಗ್ಗಿಸಿ ನೆಲ ನೋಡುತ್ತಿದ್ದರು. ಅವನು ಎಷ್ಟು ಸಲ ಕೂಗಿದನೋ, ನಾನು ಒಳಗೊಳಗೇ ಅಷ್ಟು ಸಲ ಎದುರು ಕೂ ಕೊಟ್ಟೆ. ಹೊರಗೆ ಒಂದು ಚೂರೂ ಕೇಳಿಸಲಿಲ್ಲ.

ಎರಡನೆಯ ಸಂಜೆ ಕೂ ಗದ್ದೆಯಾಚೆಯಿಂದ ಬಂತು. ಹತ್ತಿರವಾಗಿದ್ದ. ದನಿ ಬೇರೆಯಾಗಿತ್ತು. ಮೇಲೇರಿ ತುಂಡಾಗಬೇಕಾದದ್ದು ಮೇಲೇರುವ ಮೊದಲೇ ಒಡೆಯುತ್ತಿತ್ತು. ನನ್ನ ಗಂಡ ಅಳುತ್ತಿದ್ದ. ನಾನು ಸತ್ತೆನೆಂದು ಅಳುತ್ತಿದ್ದ. ನಾನು ಅವನ ಅಳು ಕೇಳುತ್ತಾ ಬದುಕಿ ಕೂತಿದ್ದೆ. ಇಂಥ ಶಿಕ್ಷೆ ಯಾವ ಕೋರ್ಟೂ ಕೊಟ್ಟಿರಲಾರದು.

ಆ ರಾತ್ರಿಯೆಲ್ಲ ನಾನು ಯೋಚಿಸಿದೆ. ಅತ್ತ ದರಿ ಇತ್ತ ಪುಲಿ. ನಾಳೆ ಹೇಗಾದರೂ ಬಾಯಿ ಬಿಡಿಸಿಕೊಂಡು ಎದುರು ಕೂ ಕೊಟ್ಟೆ ಅಂತಿರಲಿ. ನಾಳೆ ಒಂದು ದಿನ ಉಳಿಯುತ್ತಾನೆ. ನಾಡಿದ್ದು ಮತ್ತೆ ಟವೆಲ್ಲು, ಮತ್ತೆ ಮೌನ. ನಾನು ಬದುಕಿದ್ದೇನೆ ಎಂದು ಗೊತ್ತಿರುವವರೆಗೂ ಅವನು ಈ ಗುಡ್ಡ ಬಿಟ್ಟು ಹೋಗುವುದಿಲ್ಲ. ಸತ್ತೆ ಎಂದುಕೊಂಡರೆ ಮಣ್ಣು ಹಾಕಲು ಬರುತ್ತಾನೆ. ಹೇಗೂ ಒಂದಲ್ಲ ಒಂದು ಸಂಜೆ ಸಿಗುತ್ತಾನೆ. ಅವನನ್ನು ಇಲ್ಲಿಗೆ ಕಟ್ಟಿ ಹಾಕಿದ್ದು ಪೊಲೀಸರಲ್ಲ. ನಾನು. ನಮ್ಮಿಬ್ಬರ ಆ ಕೂ.

ಹಾಗಾದರೆ ಅದನ್ನೇ ಕತ್ತರಿಸಬೇಕು. ಕತ್ತರಿಸುವ ದಾರಿ ನಮ್ಮಲ್ಲಿ ಒಂದೇ ಇದೆ.

ಸತ್ತವರನ್ನು ಮಣ್ಣು ಮಾಡಿದ ಮೇಲೆ, ಅವರು ಹಾಡಿಯ ಸುತ್ತಲೇ ಸುಳಿಯಬಾರದೆಂದು, ಹೆಂಡತಿಯೋ ತಾಯಿಯೋ ಕಾಡಿಗೆ ಬೆನ್ನು ಹಾಕಿ ಕೂತು ಸತ್ತವರ ಕೂವನ್ನೇ ತಿರುಗಿಸಿ ಹಾಕುತ್ತಾರೆ. ಮೇಲೇರಬೇಕಾದದ್ದನ್ನು ಕೆಳಗಿಳಿಸುತ್ತಾರೆ. ನಿನಗೆ ಇಲ್ಲಿ ಯಾರೂ ಇಲ್ಲ, ತಿರುಗಿ ನೋಡಬೇಡ, ನಡಿ ಎಂದು ಅದರ ಅರ್ಥ. ಅದು ಕಳಿಸುವ ಕೂ. ಒಮ್ಮೆ ಹಾಕಿದರೆ ಹಾಕಿದಂತೆ. ನನ್ನ ಅಜ್ಜನ ಕಾಲದಲ್ಲಿ ಒಬ್ಬ ಕಬಿನಿಯ ನೆರೆಯಲ್ಲಿ ಕೊಚ್ಚಿ ಹೋದ. ಹೆಣ ಸಿಗಲಿಲ್ಲ, ಕಳಿಸುವ ಕೂ ಹಾಕಿದರು. ಅವನು ಕೊಳವಳ್ಳಿಯಲ್ಲಿ ದಡ ಸೇರಿ, ಮಳೆ ನಿಂತ ಮೇಲೆ ನಡೆದು ಬಂದ. ಹಾಡಿಯವರು ಅಳುತ್ತಲೇ ತೋಡಿನಾಚೆ ಅನ್ನ ಇಟ್ಟರು. ಒಳಗೆ ಕರೆಯಲಿಲ್ಲ. ಅವನೂ ಒಳಗೆ ಬರುತ್ತೇನೆ ಎನ್ನಲಿಲ್ಲ. ಉಂಡು, ಎಲೆ ಎತ್ತಿ ಹೊರಟು ಹೋದ.

ಬದುಕಿರುವವನಿಗೆ, ಬದುಕಿದ್ದಾನೆ ಎಂದು ಗೊತ್ತಿದ್ದೂ, ಆ ಕೂವನ್ನು ಯಾರೂ ಹಾಕಿರಲಿಲ್ಲ.

ಬೆಳಿಗ್ಗೆ ಪಾತ್ರೆ ಬೆಳಗುವಾಗ ಅತ್ತೆ ನೀರು ತಂದಳು. ಬಗ್ಗಿ ಸುರಿಯುವಾಗ ಅವಳ ಕಿವಿಯಲ್ಲಿ ಹೇಳಿದೆ. ಅವಳ ಕೈಯಿಂದ ನೀರು ನಿಂತು ಹೋಯಿತು. ಬೈರ ಅವಳಿಗೆ ಒಬ್ಬನೇ ಮಗ. ಅವನ ಕೂ ಇಟ್ಟವಳೇ ಅವಳು. ಬೈಯುತ್ತಾಳೆ ಎಂದುಕೊಂಡೆ.

"ಆಮೇಲ ನೀ ಅವನ್ನ ನೋಡಕಾಗದಿಲ್ಲ" ಎಂದಳು.

"ನೀನೂವೆ" ಎಂದೆ.

"ಅವ ಇರ್ತಾನ?"

"ಇರ್ತಾನ ಅತ್ತ."

ಮಿಕ್ಕ ನೀರು ಸುರಿದು ಹೋದಳು.

ಮೂರನೆಯ ಸಂಜೆ ವಿಜಯನ್ ಇದ್ದಬದ್ದವರನ್ನೆಲ್ಲ ಮೆಳೆಗೆ ಇಳಿಸಿದ. ಅಂಗಳದಲ್ಲಿ ನಮ್ಮನ್ನು ಕಾಯಲು ಒಬ್ಬ ಕಾನ್‌ಸ್ಟೆಬಲ್, ಅವನ ಪಕ್ಕ ಪದ್ಮನಾಭನ್. ಎರಡು ದಿನ ನಾವು ಕುರಿಗಳ ಹಾಗೆ ಕೂತಿದ್ದೆವಲ್ಲ, ಇವತ್ತೂ ಹಾಗೇ ಕೂರುತ್ತೇವೆ ಅಂದುಕೊಂಡಿದ್ದರು. ನನ್ನ ಬಾಯಿಗೆ ಟವೆಲ್ಲು ಕಟ್ಟಿದರು. ಹೊತ್ತು ಇನ್ನೂ ಮುಳುಗಿರಲಿಲ್ಲ.

ಕೂ ಬಂತು. ತೋಡಿನ ಆಚೆಯಿಂದಲೇ ಬಂತು. ಇನ್ನು ನೀರು ದಾಟಿದರೆ ಮೆಳೆ, ಮೆಳೆಯಲ್ಲಿ ಬಂದೂಕು.

ಅತ್ತೆ ಎದ್ದಳು. ಕೂರು ಎಂದು ಕಾನ್‌ಸ್ಟೆಬಲ್ ಗದರಿಸಿದ. ಕೂರಲಿಲ್ಲ. ನೇರ ನನ್ನ ಬಳಿ ಬಂದಳು. ಬೆನ್ನಿಗೆ ಲಾಠಿ ಬಿತ್ತು. ಟವೆಲ್ಲಿಗೆ ಕೈ ಹಾಕಿದಳು. ಮಣಿಕಟ್ಟಿಗೆ ಲಾಠಿ ಬಿತ್ತು, ಮೂಳೆಯ ಸದ್ದು ಕೇಳಿಸಿತು. ಇನ್ನೊಂದು ಕೈಯಿಂದ ಟವೆಲ್ಲು ಎಳೆದು ಬಿಸಾಡಿದಳು. ಅದೇ ಕೈಯಿಂದ ನನ್ನ ಕೊರಳಿನ ಮಣಿಸರ ಹಿಡಿದು ಕಿತ್ತಳು. ಮಣಿಗಳು ಅಂಗಳದ ತುಂಬ ಚೆಲ್ಲಿದವು. ನನ್ನ ಮುಡಿ ಬಿಚ್ಚಿದಳು.

"ಹಾಕು ಮಗಾ" ಎಂದಳು. "ನನ್ ಮಗನ್ನ ಕಳ್ಸು."

ಚಾತನ್ ಎದ್ದು ಬಂದು ನನಗೂ ಕಾನ್‌ಸ್ಟೆಬಲ್‌ಗೂ ನಡುವೆ ಕೂತ. ಅವನ ಹಿಂದೆ ಇಡೀ ಹಾಡಿ ಬಂದು ನನ್ನ ಸುತ್ತ ಕೂತಿತು. ಶಾಂತ ತೆವಳಿಕೊಂಡು ಬಂದಳು. ಲಾಠಿ ಬೀಳುತ್ತಲೇ ಇತ್ತು. ಯಾರೂ ಕೈ ಎತ್ತಲಿಲ್ಲ, ಯಾರೂ ಸರಿಯಲಿಲ್ಲ. ಎಲ್ಲರೂ ಕಾಡಿಗೆ ಬೆನ್ನು ಹಾಕಿ ಕೂತರು.

ನಾನೂ ಬೆನ್ನು ಹಾಕಿದೆ. ನನ್ನ ಗಂಡನ ಕೂವನ್ನು ಬಾಯಿಗೆ ತೆಗೆದುಕೊಂಡೆ. ಮೇಲಿನಿಂದ ಹಿಡಿದು, ಇಳಿಸಿ, ಇಳಿಸಿ, ತಗ್ಗಿಗೆ ತಂದು, ಉಸಿರು ಮುಗಿಯುವವರೆಗೂ ಎಳೆದೆ. ಎರಡನೆಯ ಸಲ ಎಳೆದೆ. ಮೂರ್ಛೆ ಹೋಗುವಂತಾಯಿತು, ಅತ್ತೆ ಮುರಿದ ಕೈಯಿಂದಲೇ ನನ್ನ ಬೆನ್ನು ಒತ್ತಿ ಹಿಡಿದಳು. ಮೂರನೆಯ ಸಲವೂ ಎಳೆದೆ. ಬದುಕಿದ್ದವನನ್ನು ನನ್ನ ಬಾಯಿಂದಲೇ ಕೊಂದೆ.

ಮೆಳೆಯೊಳಗಿದ್ದ ವಿಜಯನ್‌ಗೆ ಅದು ಕೇಳಿಸಿತು. ಹೆಂಗಸು ಸೋತು ಗಂಡನನ್ನು ಕರೆಯುತ್ತಿದ್ದಾಳೆ ಎಂದು ಬಂದೂಕು ಸರಿಮಾಡಿಕೊಳ್ಳಲು ಹೇಳಿದನಂತೆ. ಕಾದರು. ಕೂ ಬರಲಿಲ್ಲ. ತೋಡಿನಾಚೆ ಒಂದು ಕೊಂಬೆಯೂ ಅಲುಗಲಿಲ್ಲ. ಕಳಿಸುವ ಕೂವಿಗೆ ಎದುರು ಕೂ ಇಲ್ಲ. ಸತ್ತವರು ಉತ್ತರ ಕೊಡಬಾರದು. ನನ್ನ ಗಂಡ ಕೊಡಲಿಲ್ಲ. ಅವನಿಗೆ ಕೇಳಿಸಿದೆ ಎಂದು ನನಗೆ ತಿಳಿದದ್ದು ಅದರಿಂದಲೇ.

ವಿಜಯನ್ ಮೈಯೆಲ್ಲ ಸೊಳ್ಳೆ ಕಚ್ಚಿಸಿಕೊಂಡು ಬಂದ. ಏನಾಯಿತು ಎಂದು ಪದ್ಮನಾಭನ್‌ನನ್ನು ಕೇಳಿದ. ಪದ್ಮನಾಭನ್ ನೆಲದಲ್ಲಿ ಚೆಲ್ಲಿದ ಮಣಿಗಳನ್ನೇ ನೋಡುತ್ತಿದ್ದ.

"ಇನ್ ಬರದಿಲ್ಲ ಸಾರೇ. ಅವನ್ಗ ಸಾವಿನ ಕೂ ಹಾಕ್ಬುಟ್ಟವ್ಳೆ."

"ಅವನು ಸತ್ತನಾ?"

"ಇಲ್ಲ."

"ಮತ್ತೆ ಎಲ್ಲಿದ್ದಾನೆ?"

ವಿಜಯನ್ ನನ್ನ ಕೂದಲು ಹಿಡಿದು ಮುಖ ಎತ್ತಿದ. ನನಗೆ ಆಗ ಯಾವ ಹೆದರಿಕೆಯೂ ಇರಲಿಲ್ಲ. ಹೆದರಲು ಏನು ಉಳಿದಿತ್ತು?

"ನೀವು ಕೊಲ್ಲಕ ಬಂದಿದ್ರಿ. ನಾನೇ ಕೊಂದೆ. ನಮ್ಮ ಮನೇಲಿ ಇನ್ ಅವನಿಲ್ಲ. ಗಂಜಿ ನೋಡಿ, ಉಪ್ಪು ನೋಡಿ, ನನ್ನ ಬಟ್ಟ ಬಿಚ್ಚಿ ನೋಡಿ. ಅವನಿಲ್ಲ. ನಿಮ್ಮ ತಾರ್ಪಾಲು ತಕ್ಕಂಡು ಹೋಗಿ" ಎಂದೆ.

ಆ ರಾತ್ರಿ ಅವರು ನನಗೆ ಮಾಡಿದ್ದನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನಾಚಿಕೆ ಅವರದು, ಗೊತ್ತಿದೆ. ಆದರೂ ಹೇಳುವುದಿಲ್ಲ.

ಮಳೆ ಹಿಡಿದ ಮೇಲೆ ಕ್ಯಾಂಪು ಎತ್ತಿದರು. ನಮ್ಮ ಹಾಡಿಯ ಒಂದು ಹೆಂಗಸೂ ಆಮೇಲೆ ಪದ್ಮನಾಭನ್‌ನ ಗದ್ದೆಗೆ ಇಳಿಯಲಿಲ್ಲ. ಸಸಿಮಡಿ ಬಲಿತು ಹಳದಿಯಾಯಿತು, ಅವನು ಬಾಗಿಲಿಗೆ ಬಂದು ಕರೆದ, ಯಾರೂ ಏಳಲಿಲ್ಲ. ಹಸಿದುಕೊಂಡೇ ಕೂತೆವು.

ನಾನು ವಿಧವೆಯಾದೆ. ಕೊರಳಿಗೆ ಮಣಿಯಿಲ್ಲ. ಅವನ ಮಾತನ್ನು ಯಾರೂ ಎತ್ತುವಂತಿಲ್ಲ, ಎಲ್ಲಾದರೂ ಕಂಡಿರಾ ಎಂದು ನಾನು ಕೇಳುವಂತಿಲ್ಲ, ಕಂಡವರು ಹೇಳುವಂತಿಲ್ಲ. ಅದು ನಾವೇ ಹಾಕಿಕೊಂಡ ಬೇಲಿ. ಅತ್ತೆಯೂ ನಾನೂ ಒಂದೇ ಚಾಪೆಯಲ್ಲಿ ಮಲಗುತ್ತೇವೆ. ಅವನು ಇದ್ದಾನೋ ಎಂದು ಒಬ್ಬರನ್ನೊಬ್ಬರು ಕೇಳಿಲ್ಲ.

ಆದರೆ ಪೊಲೀಸರಿಗೆ ಆ ಕಟ್ಟಲೆ ಇಲ್ಲ. ಅವರ ಪಾಲಿಗೆ ಅವನು ತಲೆಮರೆಸಿಕೊಂಡ ಆಸಾಮಿ. ಆಗಾಗ ಜೀಪು ಬರುತ್ತಿತ್ತು. ಹಟ್ಟಿ ತಡಕುತ್ತಿದ್ದರು, ಬಯ್ಯುತ್ತಿದ್ದರು, "ಬಂದನಾ? ಎಲ್ಲಿದ್ದಾನೆ ಹೇಳಡೀ" ಎನ್ನುತ್ತಿದ್ದರು. ಇಲ್ಲ ಸಾರೇ ಎನ್ನುತ್ತಿದ್ದೆ. ಅವರು ಹೋದ ಮೇಲೆ ನನ್ನ ಕೈಕಾಲಿಗೆ ಜೀವ ಬರುತ್ತಿತ್ತು. ಇನ್ನೂ ಹುಡುಕುತ್ತಿದ್ದಾರೆ ಎಂದರೆ ಇನ್ನೂ ಸಿಕ್ಕಿಲ್ಲ. ಸಿಕ್ಕಿಲ್ಲ ಎಂದರೆ ಇದ್ದಾನೆ. ನನ್ನ ಗಂಡನ ಸುದ್ದಿ ನನಗೆ ಮುಟ್ಟಿಸುತ್ತಿದ್ದವರು ಅವನನ್ನು ಕೊಲ್ಲಲು ಬಂದವರೇ. ನನ್ನ ಗತಿ ಅಲ್ಲಿಗೆ ಬಂದಿತ್ತು.

ವರ್ಷಗಳು ಹೀಗೇ ಹೋದವು. ಈ ಮಳೆಗಾಲ ಅವರು ಬರಲಿಲ್ಲ. ಮಳೆ ಮುಗಿಯಿತು, ಚಳಿ ಬಂತು, ಜೀಪಿನ ಸದ್ದಿಲ್ಲ. ನನಗೆ ಊಟ ಸೇರಲಿಲ್ಲ. ಅತ್ತೆ ಹೊಸ್ತಿಲಲ್ಲಿ ಕೂತು ದಾರಿ ನೋಡತೊಡಗಿದಳು. ಯಾವ ದಾರಿಯನ್ನು ಎಂದು ನಾನು ಕೇಳಲಿಲ್ಲ.

ಕೊನೆಗೆ ನಾನೇ ಠಾಣೆಗೆ ನಡೆದೆ. ಒಳಗೆ ಹೋಗಿ ಕೇಳುವ ಹಾಗಿಲ್ಲ. ಮರೆತಿದ್ದರೆ ನೆನಪು ಮಾಡಿಕೊಟ್ಟ ಹಾಗಾಗುತ್ತದೆ, ಮತ್ತೆ ಬಂದೂಕು ಹೊರಡುತ್ತದೆ. ಕೇಳದೆ ವಾಪಸು ಬರಲು ಮನಸ್ಸೂ ಇಲ್ಲ. ಎದುರಿನ ಮರದ ಬುಡದಲ್ಲಿ ಕೂತೆ. ಬೆಳಗಿನಿಂದ ಕೂತೆ. ಹೋಗುವವರು ಬರುವವರು ಭಿಕ್ಷೆಯವಳು ಎಂದುಕೊಂಡರು. ಬಿಸಿಲು ಇಳಿಯುವ ಹೊತ್ತಿಗೆ ಒಬ್ಬ ಚಹಾ ಕುಡಿಯಲು ಹೊರಗೆ ಬಂದ. ನನ್ನ ಬಾಯಿಗೆ ಟವೆಲ್ಲು ಕಟ್ಟಿದ್ದವನೇ. ಹೊಟ್ಟೆ ಬಂದಿತ್ತು, ಮೀಸೆ ನರೆತಿತ್ತು. ನನ್ನ ಗುರುತು ಹತ್ತಿತು.

"ಎಡೀ, ನೀನು ಬೈರನ ಹೆಂಡತಿಯಲ್ಲವಾ? ಇಲ್ಲೇನು ಕೆಲಸ? ಅವನು ಬಂದಿದ್ದನಾ?"

ಇಲ್ಲವೆಂದು ತಲೆಯಾಡಿಸಿದೆ. ನನ್ನ ಎದೆ ಹೊಡೆದುಕೊಳ್ಳುವುದು ಅವನಿಗೆ ಕೇಳಿಸಬಾರದೆಂದು ಸೆರಗು ಬಿಗಿದೆ.

"ಬರ್ತಾನೆ. ಎಲ್ಲಿ ಹೋಗ್ತಾನೆ? ಸಿಗುವವರೆಗೂ ನಾವು ಬಿಡೋದಿಲ್ಲ" ಎಂದು ಉಗುಳಿ, ಚಹಾದಂಗಡಿಗೆ ಹೋದ.

ನಾನು ಓಡಿದೆ. ಈ ವಯಸ್ಸಿನಲ್ಲಿ, ಅಂಗಾಲಿನ ಹಳೆಯ ನೋವಿನಲ್ಲಿ, ಕಾಡಿನ ದಾರಿಯುದ್ದಕ್ಕೂ ಓಡಿದೆ. ಅತ್ತೆ ಹೊಸ್ತಿಲಲ್ಲೇ ಇದ್ದಳು. ಅವಳ ಮುಂದೆ ಕುಸಿದು ಕೂತೆ.

"ಕೇಳುದ್ರು ಅತ್ತ. ಇನ್ನೂ ಹುಡುಕ್ತಾವ್ರೆ."

ಅವಳು ಸೊಟ್ಟಗೆ ಕೂಡಿಕೊಂಡ ಮಣಿಕಟ್ಟಿನಿಂದ ನನ್ನ ಮುಖದ ಬೆವರು ಒರೆಸಿದಳು.

"ಹುಡುಕ್ಲಿ" ಎಂದಳು. "ಹುಡುಕ್ತಾನೇ ಇರ್ಲಿ."